ಮರವೆಯೂ ಕೊಲೆಸ್ಟರಾಲಿನ ಮಾತ್ರೆಯೂ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡಿನ ವಿಷಯ, ನುಡಿಯ ವಿಷಯ, ಕವಿಗಳ ವಿಷಯ ಮಾತನಾಡುವುದು ವಾಡಿಕೆ. ಔಷಧದ ಮಾತ್ರೆಯೊಂದರ ಮೇಲೆ ಭಾಷಣ ಮಾಡುವುದು ವಾಡಿಕೆಯಲ್ಲ. ಅದರಲ್ಲಿಯೂ ನಾವು ವೈದ್ಯರಲ್ಲ, ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಜಮಾಖರ್ಚು ನೋಡುವ ಗುಮಾಸ್ತರು. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನವೆಂಬರು ರಾಜ್ಯೋತ್ಸವದ ತಿಂಗಳಾಗಿರುವಂತೆಯೇ, ಪೆನ್ಶನ್ ಪಡೆಯುವವರು ತಾವು ಬದುಕಿರುವುದಕ್ಕೆ ಬ್ಯಾಂಕಿನಲ್ಲಿ ಪ್ರಮಾಣಪತ್ರ ಕೊಡುವ ತಿಂಗಳೂ ಹೌದು. ವರ್ಷಕ್ಕೊಮ್ಮೆ ಅವರ ಮುಖ ನಮಗೆ ಕಾಣಸಿಗುತ್ತದೆ. ಮುತ್ತು ಪೋಣಿಸಿದಂತೆ ರುಜು ಹಾಕುತ್ತಿದ್ದವರ ಕೈ ಮರುವರ್ಷ ತಡವರಿಸುತ್ತದೆ. ನಮ್ಮಲ್ಲಿರುವ ಮಾದರಿ ರುಜುವಿಗೆ ತಾಳೆ ಬೀಳುವುದಿಲ್ಲ. ಬಾಯಲ್ಲೇ ಬಡ್ಡಿ ಲೆಕ್ಕ ಹಾಕುತ್ತಿದ್ದವರು ಹತ್ತು ನೋಟು ಎಣಿಸಲು ಮೂರು ಸಲ ತಪ್ಪುತ್ತಾರೆ. ಜೊತೆಯಲ್ಲಿ ಬಂದ ಮಗ ಸಂಕೋಚದಿಂದ ನಕ್ಕು, "ವಯಸ್ಸಾಯಿತಲ್ಲ ಸಾರ್, ಅರಳುಮರಳು" ಎನ್ನುತ್ತಾನೆ.

ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರೇ. ಆದರೆ ಇದು ಬರಿಯ ವಯಸ್ಸಿನ ಕೆಲಸವಲ್ಲ, ರೋಗದ ಕೆಲಸ ಎಂಬುದು ಈಗ ವೈದ್ಯಶಾಸ್ತ್ರ ಒಪ್ಪಿದ ಮಾತು. ಅಂಥ ರೋಗಗಳಲ್ಲಿ ಒಂದು ಆಲ್ಝೈಮರ್ ಎಂಬುದು. ಅದರ ಹೆಸರನ್ನು ಹಲವರು ಕೇಳಿದ್ದೀರಿ. ಅದರ ನಂತರ ಹೆಚ್ಚಾಗಿ ಕಾಣುವುದು ಮಿದುಳಿನ ರಕ್ತನಾಳಗಳು ಕೆಡುವುದರಿಂದ ಬರುವ ಮರವೆ; ಡಾಕ್ಟರುಗಳು ಇದನ್ನು ವ್ಯಾಸ್ಕ್ಯುಲರ್ ಡಿಮೆನ್ಶಿಯ ಎನ್ನುತ್ತಾರೆ. ನಮ್ಮ ಮುಂಬಯಿಯಲ್ಲಿಯೇ ನಾಲ್ವತ್ತು ದಾಟಿದ 24,488 ಮಂದಿಯನ್ನು ಪರೀಕ್ಷಿಸಿ, 2001ರಲ್ಲಿ ವರದಿ ಪ್ರಕಟಿಸಿದ ವೈದ್ಯರು ಕಂಡದ್ದೂ ಇದೇ ಕ್ರಮ: ಆಲ್ಝೈಮರ್ ಮೊದಲು, ರಕ್ತನಾಳದ ಮರವೆ ಎರಡನೆಯದು. ಅರವತ್ತೈದು ದಾಟಿದವರಲ್ಲಿ ನೂರಕ್ಕೆ 2.44 ಮಂದಿಗೆ ಒಂದಲ್ಲ ಒಂದು ಬಗೆಯ ಮರವೆ ರೋಗವಿತ್ತು. 2023ರಲ್ಲಿ ಪ್ರಕಟವಾದ ಅಖಿಲ ಭಾರತದ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ಈ ಲೆಕ್ಕ ನೂರಕ್ಕೆ 7.4, ಎಂದರೆ ಸುಮಾರು 88 ಲಕ್ಷ ಜನ. ಎರಡರ ಕಾಲ ಬೇರೆ, ಅಳೆದ ಕ್ರಮ ಬೇರೆ. ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕಳೆಯುವ ಲೆಕ್ಕ ಸಲ್ಲದು. ಆದರೆ ಸಂಗತಿ ಸಣ್ಣದಲ್ಲವೆಂಬುದಕ್ಕೆ ಇಷ್ಟು ಸಾಕು.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇವೆ. ನಮ್ಮ ದೊಡ್ಡಪ್ಪ ಹುಡುಗರಾಗಿದ್ದಾಗಲೇ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದವರು. ಹಗಲು ಮಾಟುಂಗದ ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಮರಾಠಿ, ಗುಜರಾತಿ, ಹಿಂದಿ ಮೂರೂ ಗಿರಾಕಿಗಳಿಂದಲೇ ಕಲಿತದ್ದು. ಒಂದು ದಿನ ಬಲಗೈ ಸೋತಿತು. ಹದಿನೈದು ದಿನಗಳಲ್ಲಿ ಸರಿಹೋಯಿತು. ಎಲ್ಲರೂ ದೇವರ ದಯೆ ಎಂದೆವು. ಆದರೆ ಆ ಮೇಲೆ ಚಿಲ್ಲರೆ ಲೆಕ್ಕ ಹಿಡಿತಕ್ಕೆ ಸಿಗಲಿಲ್ಲ. ಆರು ತಿಂಗಳು ಹಾಗೆಯೇ ನಿಂತಿತು. ಮತ್ತೊಂದು ಬೆಳಿಗ್ಗೆ ಎದ್ದಾಗ ಇನ್ನೊಂದಿಷ್ಟು ಹೋಗಿತ್ತು. ಇಳಿಜಾರಿನಲ್ಲಿ ಜಾರಿದಂತಲ್ಲ, ಮೆಟ್ಟಿಲು ಇಳಿದ ಹಾಗೆ. ರಕ್ತನಾಳದ ಮರವೆ ಅನೇಕರಲ್ಲಿ ಹೀಗೆಯೇ ಇಳಿಯುತ್ತದೆಂದು ಡಾಕ್ಟರು ಆಮೇಲೆ ತಿಳಿಸಿದರು.

ಹೃದಯದಿಂದ ಮಿದುಳಿಗೆ ಹೋಗುವ ರಕ್ತದ ದಾರಿಗಳಲ್ಲಿ ದೊಡ್ಡವೂ ಉಂಟು, ಕೂದಲೆಳೆಯಂಥವೂ ಉಂಟು. ದೊಡ್ಡ ನಾಳ ಕಟ್ಟಿಕೊಂಡರೆ ಲಕ್ವ ಹೊಡೆಯುತ್ತದೆ. ಅದು ಎಲ್ಲರ ಕಣ್ಣಿಗೆ ಕಾಣುತ್ತದೆ. ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿಹೋದರೆ ಯಾರಿಗೂ ಕಾಣುವುದಿಲ್ಲ. ಮಿದುಳಿನ ಮೂಲೆ ಮೂಲೆಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಹಾನಿ ಕೂಡುತ್ತ ಹೋಗುತ್ತದೆ. ಮೊದಲು ಹೋಗುವುದು ನೆನಪೇ ಆಗಬೇಕೆಂದಿಲ್ಲ. ಯೋಚನೆ ನಿಧಾನವಾಗುತ್ತದೆ, ಒಂದು ಕೆಲಸವನ್ನು ಕ್ರಮವಾಗಿ ಮಾಡಿ ಮುಗಿಸುವುದು ಕಷ್ಟವಾಗುತ್ತದೆ, ನಡಿಗೆ ಕುಂಟುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಈ ನಾಳಗಳನ್ನು ಕೆಡಿಸುವವರಲ್ಲಿ ಮೊದಲನೆಯದು ರಕ್ತದೊತ್ತಡ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಲಯ ತಪ್ಪಿದ ಹೃದಯದ ಬಡಿತ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲು, ಇವೆಲ್ಲ ಅದರ ಸಂಗಡಿಗರು.

ಇಲ್ಲಿಂದ ಮಾತ್ರೆಯ ಪ್ರಸಂಗ ಬರುತ್ತದೆ. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಎಂಬ ಮದ್ದುಗಳ ಮೂಲ ನಮ್ಮ ಅಡುಗೆಮನೆಗೆ ದೂರವಾದದ್ದಲ್ಲ. ಅಕಿರ ಎಂಡೊ ಎಂಬ ಜಪಾನಿನ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಸಾವಿರಾರು ಬಗೆಯ ಬೂಸ್ಟುಗಳನ್ನು ಒಂದೊಂದಾಗಿ ಸೋಸಿ ನೋಡಿದರು. ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ಹಸಿರುನೀಲಿ ಬೂಸ್ಟಿನಲ್ಲಿ, 1973ರಲ್ಲಿ, ಬೇಕಾದ ವಸ್ತು ಅವರ ಕೈಗೆ ಬಂತು. ನಮ್ಮ ಯಕೃತ್ತು ತಾನೇ ಕೊಲೆಸ್ಟರಾಲನ್ನು ತಯಾರಿಸುತ್ತದೆ. ಈ ಮದ್ದು ಆ ತಯಾರಿಕೆಗೆ ತಡೆ ಹಾಕುತ್ತದೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಎಳೆದುಕೊಳ್ಳುವುದರಿಂದ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಇದೇ ಕುಲದ ಲೊವಾಸ್ಟ್ಯಾಟಿನ್ ಎಂಬುದಕ್ಕೆ 1987ರಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿತು. ಎಂಡೊ ಅವರು 2024ರಲ್ಲಿ ತೊಂಬತ್ತು ವರ್ಷ ತುಂಬಿದವರಾಗಿ ತೀರಿಕೊಂಡರು. ಇಂದು ನಮ್ಮಲ್ಲಿ ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎಂಬ ಹೆಸರುಗಳು ಮನೆಮನೆಯ ಮದ್ದಿನ ಡಬ್ಬಿಯಲ್ಲಿವೆ. ಜನೌಷಧಿ ಅಂಗಡಿಗಳಲ್ಲಿ ಕಡಮೆ ಬೆಲೆಗೂ ಸಿಗುತ್ತವೆ.

ಕೊಲೆಸ್ಟರಾಲು ರಕ್ತನಾಳವನ್ನು ಕೆಡಿಸುವುದಾದರೆ, ರಕ್ತನಾಳ ಕೆಟ್ಟು ಮರವೆ ಬರುವುದಾದರೆ, ಕೊಲೆಸ್ಟರಾಲನ್ನು ಇಳಿಸುವ ಮಾತ್ರೆ ಮರವೆಗೂ ಮದ್ದಾಗಬೇಡವೇ? ಈ ಪ್ರಶ್ನೆ ನಮ್ಮ ನಿಮ್ಮ ಮನಸ್ಸಿಗೆ ಬರುವಂತೆಯೇ ವೈದ್ಯರ ಮನಸ್ಸಿಗೂ ಬಂತು. 2000ದಲ್ಲಿ ಬ್ರಿಟನ್ನಿನ ರೋಗಿಗಳ ದಾಖಲೆಗಳನ್ನು ಹುಡುಕಿ ನೋಡಿದಾಗ, ಸ್ಟ್ಯಾಟಿನ್ ಸೇವಿಸುತ್ತಿದ್ದವರಲ್ಲಿ ಮರವೆ ರೋಗದ ಸಂಭವ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಕಡಮೆಯಾಗಿ ಕಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎಷ್ಟೋ ಮನೆಗಳಲ್ಲಿ ಆಸೆ ಚಿಗುರಿತು.

ಆದರೆ ದಾಖಲೆಯನ್ನು ನೋಡುವುದು ಬೇರೆ, ಪ್ರಯೋಗ ಮಾಡಿ ನೋಡುವುದು ಬೇರೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ತಿಂಗಳು ತಿಂಗಳೂ ತಪ್ಪದೆ ಕಂತು ಕಟ್ಟುವವರ ಮನೆಯಲ್ಲಿ ಜಗಳ ಕಡಮೆಯೆಂದು ಕಂಡುಬಂದರೆ, ಕಂತು ಕಟ್ಟಿದ್ದರಿಂದ ಜಗಳ ನಿಂತಿತೆಂದು ಹೇಳಲಾದೀತೇ? ಕಂತು ಕಟ್ಟುವಷ್ಟು ಅಚ್ಚುಕಟ್ಟು ಇದ್ದವರಲ್ಲಿ ಬೇರೆ ಅಚ್ಚುಕಟ್ಟೂ ಇರುತ್ತದೆ. ಹಾಗೆಯೇ ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗುವವರು ನಡೆಯಲೂ ಹೋಗುತ್ತಾರೆ, ಬಿ.ಪಿ.ಯನ್ನೂ ಅಳೆಸುತ್ತಾರೆ. ಮರವೆ ತೊಡಗಿದವರಿಗೆ ಹೊಸ ಮಾತ್ರೆ ಬರೆಯುವ ಗೊಡವೆಗೆ ಡಾಕ್ಟರು ಹೋಗದೆಯೂ ಇರಬಹುದು. ಆದುದರಿಂದ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟು, ಯಾರಿಗೆ ಯಾವುದೆಂದು ತಿಳಿಯಗೊಡದೆ ವರ್ಷಗಳ ಕಾಲ ಕಾದು ನೋಡಬೇಕು.

ಹಾಗೆಯೂ ನೋಡಿದರು. ಸ್ಕಾಟ್ಲೆಂಡ್, ಐರ್ಲೆಂಡ್, ನೆದರ್ಲೆಂಡ್ಸ್ ದೇಶಗಳಲ್ಲಿ 70ರಿಂದ 82 ವಯಸ್ಸಿನ 5,804 ಮಂದಿಯ ಮೇಲೆ ಒಂದು ಪ್ರಯೋಗ. ಇಂಗ್ಲೆಂಡು ಮುಂತಾದ ಕಡೆ 20,536 ಮಂದಿಯ ಮೇಲೆ ಇನ್ನೊಂದು. ಎರಡರ ಫಲವೂ 2002ರಲ್ಲಿ ಹೊರಬಂತು. ದೊಡ್ಡ ಪ್ರಯೋಗದಲ್ಲಿ ಲಕ್ವ ಕಾಲುಪಾಲು ಕಡಮೆಯಾಯಿತು. ಮರವೆ ಮಾತ್ರ ಎರಡೂ ಗುಂಪುಗಳಲ್ಲಿ ಸಮಸಮ. ಈ ಎರಡನ್ನೂ ಕೂಡಿಸಿ ತೂಗಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯ ಸಂಸ್ಥೆಯ ಸಮೀಕ್ಷೆ 2016ರಲ್ಲಿ ಇತ್ತ ತೀರ್ಪು ಇಷ್ಟು: ಇಳಿವಯಸ್ಸಿನಲ್ಲಿ ಆರಂಭಿಸಿದ ಸ್ಟ್ಯಾಟಿನ್ ಮರವೆಯನ್ನು ತಡೆಯುವುದಿಲ್ಲ. ಮರವೆ ಬಂದ ಮೇಲೆ ಕೊಟ್ಟರೆ? ಆಲ್ಝೈಮರಿನ 640 ರೋಗಿಗಳಿಗೆ 72 ವಾರ ಅಟೋರ್ವಾಸ್ಟ್ಯಾಟಿನ್ ಕೊಟ್ಟು ನೋಡಿದ್ದು 2010ರಲ್ಲಿ ಪ್ರಕಟವಾಯಿತು, ಗುಣ ಕಾಣಲಿಲ್ಲ. ಇನ್ನು ರಕ್ತನಾಳದ ಮರವೆಯ ಮಾತು. ಅದೇ ಸಂಸ್ಥೆ 2014ರಲ್ಲಿ ಹುಡುಕಿ ನೋಡಿದಾಗ, ಆ ರೋಗಿಗಳಿಗೆ ಸ್ಟ್ಯಾಟಿನ್ ಕೊಟ್ಟು ಪರೀಕ್ಷಿಸಿದ ತಕ್ಕ ಪ್ರಯೋಗ ಒಂದೂ ಸಿಗಲಿಲ್ಲ. ಯಾವ ರೋಗಕ್ಕೆ ಈ ಮದ್ದು ಎಲ್ಲಕ್ಕಿಂತ ಹೆಚ್ಚು ಒಪ್ಪುವುದೆಂದು ತರ್ಕ ಹೇಳುತ್ತಿತ್ತೋ, ಆ ಖಾತೆಯ ಪುಟವೇ ಖಾಲಿಯಾಗಿತ್ತು. ಖಾಲಿ ಪುಟ ತೋರಿಸಿ ಲಾಭವಿದೆಯೆನ್ನಲೂ ಬಾರದು, ನಷ್ಟವಿದೆಯೆನ್ನಲೂ ಬಾರದು.

ಹಾಗಾದರೆ ಈ ಮಾತ್ರೆಯನ್ನು ನಿಲ್ಲಿಸಿಬಿಡೋಣವೇ? ನಮ್ಮ ಮನೆಯಲ್ಲಿ ಎದ್ದದ್ದೂ ಇದೇ ಪ್ರಶ್ನೆ. ನೆಂಟರೊಬ್ಬರು ಫೋನಿನಲ್ಲಿ ಬಂದ ಸಂದೇಶವನ್ನು ತಂದು ತೋರಿಸಿದರು: ಈ ಮಾತ್ರೆಯಿಂದಲೇ ಮರವೆ ಬರುತ್ತದೆ, ಮಿದುಳೆಲ್ಲ ಕೊಲೆಸ್ಟರಾಲೇ, ಅದನ್ನು ಇಳಿಸಿದರೆ ಮಿದುಳು ಒಣಗುತ್ತದೆ ಎಂದು. ಅಣ್ಣತಮ್ಮಂದಿರಲ್ಲಿ ವಾದ ನಡೆಯಿತು. ದೊಡ್ಡಮ್ಮ ಮಾತ್ರ ಡಬ್ಬಿಯನ್ನು ತಮ್ಮ ಕಪಾಟಿಗೆ ಸೇರಿಸಿ, "ಬರೆದುಕೊಟ್ಟವರನ್ನು ಕೇಳದೆ ನಾನು ನಿಲ್ಲಿಸುವವಳಲ್ಲ" ಎಂದರು. ಕೇಳಲು ಹೋದಾಗ ಆ ಡಾಕ್ಟರು ಕೋಪಿಸಿಕೊಳ್ಳದೆ ಹೇಳಿದ ಮಾತನ್ನು ತಮ್ಮೆಲ್ಲರ ಮುಂದೆ ಇಡುತ್ತೇವೆ: "ಅಮ್ಮಾ, ಹೋದುದನ್ನು ತರುವ ಮದ್ದು ಇದಲ್ಲ. ಉಳಿದುದನ್ನು ಕಾಯಲು ಕೊಟ್ಟಿದ್ದೇನೆ."

ಈ ಮಾತಿಗೆ ಆಧಾರವುಂಟು. ಲಕ್ವ ಬಂದು ಹೋದ 4,731 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು ಐದು ವರ್ಷಗಳಲ್ಲಿ ಮತ್ತೆ ಲಕ್ವ ಬಂದದ್ದು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 13.1 ಮಂದಿಗೆ, ಅಟೋರ್ವಾಸ್ಟ್ಯಾಟಿನ್ ಪಡೆದವರಲ್ಲಿ 11.2 ಮಂದಿಗೆ. ನೂರರಲ್ಲಿ ಇಬ್ಬರು ಎಂದರೆ ಕೇಳುವವರಿಗೆ ಸ್ವಲ್ಪವೆನಿಸಬಹುದು. ಆ ಇಬ್ಬರ ಮನೆಯವರಿಗೆ ಅದು ಸ್ವಲ್ಪವಲ್ಲ. ಮತ್ತೊಂದು ಲಕ್ವ ತಪ್ಪಿದರೆ ಮರವೆಯ ಇನ್ನೊಂದು ಮೆಟ್ಟಿಲು ಇಳಿಯುವುದು ತಪ್ಪೀತೆಂಬುದು ಇದರಿಂದ ಮಾಡುವ ಊಹೆ. ಊಹೆ ನ್ಯಾಯವಾದದ್ದೇ; ಆದರೆ ಪ್ರಯೋಗದಿಂದ ಸಾಧಿಸಿದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. ಮಿದುಳಿನಲ್ಲಿ ರಕ್ತಸ್ರಾವವಾಗಿ ಲಕ್ವ ಬಂದವರ ವಿಚಾರ ಬೇರೆ. ಅದನ್ನು ಡಾಕ್ಟರೇ ತೂಗಿ ನೋಡಬೇಕು.

ಆ ನೆಂಟರ ಭಯಕ್ಕೂ ಉತ್ತರ ಕೊಡುವುದು ನ್ಯಾಯ. 2012ರಲ್ಲಿ ಅಮೆರಿಕದ ಔಷಧ ಇಲಾಖೆ, ಸ್ಟ್ಯಾಟಿನ್ ತೆಗೆದುಕೊಂಡ ಕೆಲವರಲ್ಲಿ ಅಪರೂಪವಾಗಿ ಮರವೆ, ಗಲಿಬಿಲಿ ಕಂಡಿತ್ತೆಂದೂ, ಮಾತ್ರೆ ನಿಲ್ಲಿಸಿದಾಗ ಅದು ಹೋಗುತ್ತಿತ್ತೆಂದೂ ಚೀಟಿಯ ಮೇಲೆ ಎಚ್ಚರಿಕೆ ಬರೆಸಿದ್ದು ನಿಜ. ಆದರೆ ನಾವು ಮೇಲೆ ಹೇಳಿದ ಸಾವಿರಾರು ಜನರ ಪ್ರಯೋಗಗಳಲ್ಲಿ ಮದ್ದಿನವರಿಗೆ ಮರವೆ ಹೆಚ್ಚಾಗಲಿಲ್ಲ. ಮಿದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಿಂದ ಸಾಲ ತರುವುದಿಲ್ಲ. ಸ್ಟ್ಯಾಟಿನ್ನಿಗಿಂತಲೂ ಬಲವಾಗಿ ಕೊಲೆಸ್ಟರಾಲನ್ನು ಇಳಿಸುವ ಚುಚ್ಚುಮದ್ದೊಂದನ್ನು ಕೊಟ್ಟು 1,204 ಮಂದಿಯ ಬುದ್ಧಿಶಕ್ತಿಯನ್ನು ಅಳೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಮಾಂಸಖಂಡಗಳ ನೋವು ಕೆಲವರಿಗೆ ಬರುತ್ತದೆ. ಬಂದರೆ ಡಾಕ್ಟರಿಗೆ ಹೇಳಬೇಕು. ಮಾತ್ರೆಯನ್ನು ಬದಲಿಸುವ, ಪ್ರಮಾಣ ತಗ್ಗಿಸುವ ದಾರಿಗಳು ಅವರಲ್ಲಿವೆ. ತಾವಾಗಿಯೇ ಡಬ್ಬಿ ಎಸೆಯಬಾರದು, ಪಕ್ಕದ ಮನೆಯವರ ಮಾತು ಕೇಳಿ ತಾವಾಗಿಯೇ ಕೊಂಡು ನುಂಗಲೂ ಬಾರದು.

ಈ ಸಭೆಯಲ್ಲಿರುವ ನಮ್ಮಂಥ ಮೂವತ್ತು, ನಾಲ್ವತ್ತರ ಪ್ರಾಯದವರಿಗೂ ಒಂದು ಮಾತುಂಟು. ಮೇಲಿನ ಎರಡು ದೊಡ್ಡ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಮುದುಕರ ಮೇಲೆ, ಮೂರರಿಂದ ಐದು ವರ್ಷಗಳ ಕಾಲ. ರಕ್ತನಾಳ ಕೆಡುವುದಾದರೋ ಇಪ್ಪತ್ತು ಮೂವತ್ತು ವರ್ಷಗಳ ಚಕ್ರಬಡ್ಡಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿ, ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನೀಗಿದರೆ ಮರವೆ ರೋಗದಲ್ಲಿ ನೂರಕ್ಕೆ ಸುಮಾರು 45 ಪಾಲು ತಪ್ಪೀತು ಅಥವಾ ತಡವಾದೀತೆಂದು ಹೇಳಿತು. ಆ ಪಟ್ಟಿಗೆ ಹೊಸದಾಗಿ ಸೇರಿದ ಎರಡರಲ್ಲಿ ಒಂದು, ನಡುವಯಸ್ಸಿನಲ್ಲಿ ಹೆಚ್ಚಿದ ಎಲ್.ಡಿ.ಎಲ್. ಕೊಲೆಸ್ಟರಾಲು. ಬಿ.ಪಿ. ವಿಷಯದಲ್ಲಿ ಆಧಾರ ಇನ್ನಷ್ಟು ಗಟ್ಟಿ. 9,361 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಮೇಲಿನ ಅಂಕೆಯನ್ನು 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಮರವೆಯ ಮುನ್ನ ಬರುವ ಬುದ್ಧಿಮಾಂದ್ಯ ಕಡಮೆಯಾಗಿತ್ತು. ಡೊಂಬಿವಿಲಿಯಿಂದ, ವಸಾಯಿಯಿಂದ ಬೆಳಗಿನ ಲೋಕಲ್ ಹಿಡಿದು ಓಡುವ ನಮಗೆ ಬಿ.ಪಿ. ಅಳೆಸಲು ಬಿಡುವಿಲ್ಲವೆನ್ನುತ್ತೇವೆ. ಹತ್ತು ನಿಮಿಷದ ಕೆಲಸವದು.

ನಮ್ಮ ನಾಡಿನಲ್ಲಿಯೂ ಈ ದಾರಿಯಲ್ಲಿ ಕೆಲಸ ನಡೆದಿದೆಯೆಂದು ಹೇಳಲು ಹೆಮ್ಮೆಯಾಗುತ್ತದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದವರು 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನವನ್ನು ಕೈಗೊಂಡರು. ನೆನಪನ್ನೂ ಅಳೆಯುತ್ತಾರೆ, ರಕ್ತವನ್ನೂ ಪರೀಕ್ಷಿಸುತ್ತಾರೆ. ಕೊಲೆಸ್ಟರಾಲಿಗೂ ಮರವೆಗೂ ನಮ್ಮ ಜನರಲ್ಲಿ ಇರುವ ನಂಟು ಇಂಥ ಕೆಲಸದಿಂದಲೇ ತಿಳಿಯಬೇಕು. 2022ರಲ್ಲಿ ಕರ್ನಾಟಕ ಸರಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಮಿದುಳಿನ ಆರೋಗ್ಯದ ಯೋಜನೆಯನ್ನು ಆರಂಭಿಸಿದವು.

ನುಡಿಯ ಹಬ್ಬದಲ್ಲಿ ಹೇಳಲೇಬೇಕಾದ ಸಂಗತಿ ಇನ್ನೊಂದುಂಟು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು ಹೈದರಾಬಾದಿನ 648 ಮರವೆ ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದರು: ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ರೋಗ ತೊಡಗಿತ್ತು. ರಕ್ತನಾಳದ ಮರವೆಯಲ್ಲಿಯೂ ತಡ ಕಂಡಿತ್ತು. ಶಾಲೆಗೆ ಹೋಗದವರಲ್ಲಿಯೂ ಕಂಡಿತ್ತು. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಎಂದು ಬಾಳುವ ನಮಗೆ ಇದು ಸಂತೋಷದ ಮಾತು. ಆದರೆ ಸ್ಟ್ಯಾಟಿನ್ನಿಗೆ ಹಿಡಿದ ತಕ್ಕಡಿಯನ್ನೇ ಇಲ್ಲಿಯೂ ಹಿಡಿಯಬೇಕು. ಇದೂ ದಾಖಲೆ ನೋಡಿ ಹೇಳಿದ್ದೇ ಹೊರತು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ. ಮಕ್ಕಳಿಗೆ ಕನ್ನಡ ಕಲಿಸಲು ಇದೊಂದೇ ಕಾರಣ ಸಾಲದು. ಬೇರೆ ಕಾರಣಗಳು ಬೇಕಾದಷ್ಟಿವೆ.

ದೊಡ್ಡಪ್ಪನ ಗುಜರಾತಿ ಹೋಯಿತು, ಮರಾಠಿ ಹೋಯಿತು. ಉಳಿದಿರುವುದು ಕುಂದಾಪುರದ ಕನ್ನಡ. ಆಸ್ಪತ್ರೆಯಲ್ಲಿ ಹಿಂದಿಯಲ್ಲಿ "ಇವತ್ತು ಯಾವ ವಾರ" ಎಂದು ಕೇಳಿದಾಗ ಸುಮ್ಮನೆ ಕುಳಿತವರು, ನಾವು ಮನೆಯ ಮಾತಿನಲ್ಲಿ ಕೇಳಿದಾಗ ಸರಿಯಾಗಿ ಉತ್ತರ ಕೊಟ್ಟರು. ಭಾಷೆ ತಿಳಿಯದ ಮುದುಕರಿಗೆ ಬುದ್ಧಿಯಿಲ್ಲವೆಂಬ ಅಂಕ ಬೀಳುವ ಅಪಾಯ ಈ ಊರಿನಲ್ಲಿ ನಮ್ಮ ಹಿರಿಯರಿಗೆಲ್ಲ ಉಂಟು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳು ಕನ್ನಡದಲ್ಲಿಯೂ ಇವೆ. ಅವು ಸಿಗುವುದೇ ಎಂದು ಕೇಳಿ. ಸಿಗದಿದ್ದರೆ ಮನೆಯ ಮಾತು ಬಲ್ಲವರೊಬ್ಬರು ಜೊತೆಗಿರಲಿ.

ನಮ್ಮ ಕಸುಬಿನ ಮಾತೊಂದನ್ನು ಹೇಳದೆ ಹೋದರೆ ತಪ್ಪಾದೀತು. ರುಜು ನೆಟ್ಟಗಿರುವಾಗಲೇ ಗಂಡ ಹೆಂಡಿರ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿಕೊಳ್ಳಿ. ನಾಮಿನಿ ಹೆಸರಿಗೆ ಬೆಲೆ ಬರುವುದು ಖಾತೆದಾರರು ಕಾಲವಾದ ಮೇಲೆ, ಬದುಕಿರುವಾಗ ಅಲ್ಲ. ಮುಖ್ತ್ಯಾರ್ ಪತ್ರವಿದೆಯೆಂದು ನಂಬಿ ಕೂಡಬೇಡಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ ಅದು ಬಿದ್ದುಹೋಗುತ್ತದೆ. ಆ ಮೇಲೆ ಅಪ್ಪನ ಹಣದಿಂದ ಅಪ್ಪನಿಗೇ ಮದ್ದು ತರಲು ಮಕ್ಕಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು.

ಕಡೆಯದಾಗಿ ಸಂಘಕ್ಕೆ ಎರಡು ಬಿನ್ನಹ. ವರ್ಷಕ್ಕೆರಡು ಸಲ ಇದೇ ಸಭಾಂಗಣದಲ್ಲಿ ಬಿ.ಪಿ., ಸಕ್ಕರೆ, ಕೊಲೆಸ್ಟರಾಲು ನೋಡುವ ಏರ್ಪಾಡು ಆಗಲಿ. ನಡುವಯಸ್ಸಿನವರನ್ನು ಒತ್ತಾಯಿಸಿ ಕರೆಯೋಣ. ಎರಡನೆಯದು, ಹಿರಿಯರೊಡನೆ ಆಸ್ಪತ್ರೆಗೆ ಹೋಗಿ ಅವರ ಕನ್ನಡ, ತುಳು, ಕೊಂಕಣಿಯನ್ನು ಡಾಕ್ಟರಿಗೆ ತಿಳಿಸಿ ಹೇಳಬಲ್ಲ ಯುವಕ ಯುವತಿಯರ ಪಟ್ಟಿಯೊಂದು ಕಚೇರಿಯ ಗೋಡೆಯ ಮೇಲೆ ಇರಲಿ. ಮೊದಲನೆಯ ಹೆಸರನ್ನು ನಾವೇ ಬರೆದುಕೊಡುತ್ತೇವೆ. ಭಾನುವಾರ ಮತ್ತು ಬ್ಯಾಂಕಿಗೆ ರಜೆಯಿರುವ ಶನಿವಾರಗಳಲ್ಲಿ ಕರೆದರೆ ಬರುತ್ತೇವೆ. ಮುಖ ಓರೆಯಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಮಾತ್ರ ಯಾವ ಪಟ್ಟಿಯನ್ನೂ ನೋಡಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ. ಕಟ್ಟಿಕೊಂಡ ನಾಳವನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.